ಕಾಲಡಿಯ ಸ್ವಿಚ್ಚು

ವಿನೋದ್ ಮತ್ತೆ ಪುಟ್ಟರಾಜುವಿನ ಎಡಗೈಯನ್ನೇ ದಿಟ್ಟಿಸುತ್ತಿದ್ದ.

ಪುಟ್ಟರಾಜು ತಂತಿ ಮೀಟುವುದನ್ನು ನಿಲ್ಲಿಸಿದ. ಗೂಡಲೂರಿನ ಈ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ಎಂದರೆ ಪುಟ್ಟರಾಜು, ಅಷ್ಟೇ. ಎಡಚನಾದ ಅವನು ಬಲಗೈಯವರ ಗಿಟಾರನ್ನೇ ಮಗುಚಿ ಹಿಡಿದು ವರ್ಷಗಟ್ಟಲೆ ನುಡಿಸಿ ಹೆಸರು ಮಾಡಿದ್ದ. ಈಗ ಈ ಹುಡುಗ ವಕ್ಕರಿಸಿದ್ದ. ಯಜಮಾನರ ಅಕ್ಕನ ಮಗ. ಮಸಿನಗುಡಿಯ ರೆಸಾರ್ಟಿನಲ್ಲಿ ಕೆಲಸ. ಸಂಜೆ ಅಲ್ಲಿನ ಅತಿಥಿಗಳಿಗೆ ಬಾಸ್ ನುಡಿಸುತ್ತಾನಂತೆ. ರಜೆ ಸಿಕ್ಕಿದರೆ ಸಾಕು, ಜೀಪು ಹತ್ತಿ ಇಲ್ಲಿಗೆ ಹಾಜರು.

"ಅಣ್ಣಾ, ನಿಮ್ಮ ಗಿಟಾರ್ ಬೆಲ್ಟ್ ಒಂದ್ಸಲ ಕೊಡ್ತೀರಾ? ಉದ್ದ ನೋಡ್ಬೇಕಿತ್ತು."

"ಯಾಕೆ, ನನ್ ಜಾಗದ ಅಳತೆ ತಗೀತಾ ಇದ್ದೀಯಾ?"

ವಿನೋದ್ ನಕ್ಕ. ಪುಟ್ಟರಾಜುವಿನ ಹೊಟ್ಟೆ ಉರಿಯಿತು.

ಅಭ್ಯಾಸ ಮುಗಿದ ಮೇಲೆ ಯಜಮಾನ ಮಹದೇವಸ್ವಾಮಿ ಕರೆದರು. "ನಾಳೆ ಊಟಿಗೆ ಹೋಗ್ಬುಟ್ಟು ಬಾ. ಕಾಲಲ್ಲಿ ಒತ್ತೋ ಸ್ವಿಚ್ಚಿನ ಡಬ್ಬಿ ಒಂದು ತಕ್ಕೊಂಬಾ. ಎರಡು ಗಿಟಾರು, ಒಂದೇ ಆಂಪ್ಲಿಫೈಯರು. ಒತ್ತಿದ್ರೆ ಇದು, ಇನ್ನೊಂದ್ಸಲ ಒತ್ತಿದ್ರೆ ಅದು. ಮಧ್ಯದಲ್ಲಿ ವೈರ್ ಕಿತ್ತು ಚುಚ್ಚಿ ಸದ್ದು ಮಾಡೋದು ಬ್ಯಾಡ. ನಿಂಗೆ ಹಿಡಿಸಿದ್ದೇ ಆರಿಸು."

"ಎರಡನೇ ಗಿಟಾರು ಎಲ್ಲೈತೆ?"

"ಭಾನುವಾರ ವಿನೋದ ತತ್ತಾನೆ ಬುಡು."

ಇನ್ನು ಹೇಳುವುದೇನು ಉಳಿದಿತ್ತು? ಒಂದು ಸಲ ಕಾಲಲ್ಲಿ ಒತ್ತಿದರೆ ಪುಟ್ಟರಾಜು ಬಂದ್. ಅದಕ್ಕೆ ಬೇಕಾದ ಡಬ್ಬಿಯನ್ನು ಪುಟ್ಟರಾಜುವೇ ಹೊತ್ತು ತರಬೇಕು! ಘಾಟಿಯ ತಿರುವುಗಳುದ್ದಕ್ಕೂ ಬಸ್ಸಿನಲ್ಲಿ ಅವನು ಹಲ್ಲು ಕಡಿಯುತ್ತಲೇ ಕೂತಿದ್ದ.

ಊಟಿಯ ವಾದ್ಯಗಳ ಅಂಗಡಿಯಲ್ಲಿ ಮಾಲೀಕ ರಂಗನಾಥನ್ ಎರಡು ಡಬ್ಬಿ ತೆಗೆದಿಟ್ಟ. ಮೊದಲನೆಯದು ಸದ್ದೇ ಇಲ್ಲದೆ ಬದಲಾಯಿತು. ಎರಡನೆಯದು ಹಳೆಯ ಕಬ್ಬಿಣದ ಡಬ್ಬಿ. ಒತ್ತಿದ ಕೂಡಲೇ ಸ್ಪೀಕರ್ 'ಧಪ್' ಎಂದಿತು. ಕ್ಯಾಸೆಟ್ ಆರಿಸುತ್ತಿದ್ದ ಹೆಂಗಸೊಬ್ಬಳು ಬೆಚ್ಚಿಬಿದ್ದಳು.

"ಇದು ವೇಂಡಾ ಸಾರ್, ಬೇಡ, ಮಾನ ತೆಗೆಯುತ್ತೆ," ಎಂದ ರಂಗನಾಥನ್. "ಬಾರಿಸೋದು ಒಬ್ಬರು ತಾನೇ?"

"ಇಬ್ಬರು."

"ಇಬ್ಬರಿಗೆ ಇದು ಯಾಕೆ ಸಾರ್? ಅವರವರ ಗಿಟಾರ್ ವಾಲ್ಯೂಮ್ ಅವರವರು ಇಳಿಸಿದರೆ ಮುಗೀತಲ್ಲ."

ಪುಟ್ಟರಾಜುವಿಗೆ ಆ ಮಾತು ಕೇಳಿಸಲೇ ಇಲ್ಲ. ಅವನ ಕಣ್ಣ ಮುಂದೆ ಆರ್ಕೆಸ್ಟ್ರಾದ ಗಾಯಕಿ ಕಮಲಂ ಇದ್ದಳು. ಅವಳ ಬಳೆ ಮೈಕಿಗೆ ತಾಗಿ ಸದ್ದಾಯಿತೆಂದು ಯಜಮಾನರು ಅವಳನ್ನು ಆ ಮದುವೆ ಸೀಸನ್ ಪೂರ್ತಿ ಮನೆಯಲ್ಲೇ ಕೂರಿಸಿದ್ದರು. ಬಳೆಗೇ ಅಷ್ಟಾದರೆ, ವಿನೋದ್ ಒತ್ತಿದಾಗ ಬರುವ ಈ ಧಪ್‌ಗೆ ಎಷ್ಟು? ಅಕ್ಕನ ಮಗನಾದರೇನು, ಮಾರನೆಯ ದಿನವೇ ಮಸಿನಗುಡಿಯ ಜೀಪು ಹತ್ತಬೇಕಾಗುತ್ತದೆ.

"ಇದನ್ನೇ ಕೊಡಿ," ಎಂದು ಕಬ್ಬಿಣದ ಡಬ್ಬಿ ತೋರಿಸಿದ. ಬಹಳ ದಿನಗಳ ಮೇಲೆ ಮನಸ್ಸು ಹಗುರಾಯಿತು.

ಭಾನುವಾರ ಮದುವೆ ಮಂಟಪದಲ್ಲಿ ವೈರುಗಳನ್ನೆಲ್ಲ ಅವನೇ ಜೋಡಿಸಿದ. ವಿನೋದ್ ಉದ್ದನೆಯ ಪೆಟ್ಟಿಗೆ ಹಿಡಿದು ವೇದಿಕೆ ಹತ್ತಿದ.

"ಸ್ವಿಚ್ ಒಂದ್ಸಲ ಒತ್ತಿ ನೋಡೋಣವಾ ಅಣ್ಣಾ?"

"ಬ್ಯಾಡ. ಅಂಗಡೀಲೇ ನೋಡಿವ್ನಿ. ಒತ್ತೋವಾಗ ಮಾತ್ರ ಜೋರಾಗಿ ಒತ್ತಬೇಕು."

ಸಭೆ ತುಂಬಿತು. ಮಹದೇವಸ್ವಾಮಿ ಮೈಕು ಹಿಡಿದು ನಿಂತರು. ವಿನೋದ್ ಪೆಟ್ಟಿಗೆ ತೆರೆದು ಹೊಳೆಯುವ ಹೊಸ ಬಾಸ್ ಎತ್ತಿದ. ಆದರೆ ತನ್ನ ಹೆಗಲಿಗೆ ಹಾಕಿಕೊಳ್ಳಲಿಲ್ಲ. ನೇರ ಬಂದು ಪುಟ್ಟರಾಜುವಿನ ಹಳೆಯ ಗಿಟಾರನ್ನು ಪಕ್ಕಕ್ಕಿಟ್ಟು, ಹೊಸದಕ್ಕೆ ಎರಡನೇ ವೈರು ಸಿಕ್ಕಿಸಿ, ಅದರ ಬೆಲ್ಟನ್ನು ಅವನ ಬಲ ಹೆಗಲಿಗೆ ಏರಿಸಿದ. ಮಗುಚಬೇಕಾಗಿಲ್ಲದೆ ಗಿಟಾರ್ ಅವನ ಎಡಗೈಗೆ ತಾನಾಗಿ ಬಂದು ಕೂತಿತು.

"ಎಡಗೈಯೋರಿಗೇ ಮಾಡಿದ್ದು ಅಣ್ಣಾ. ರೆಸಾರ್ಟಿಗೆ ಬಂದಿದ್ದ ಎಡಚ ಫಾರಿನ್ ದೊರೆ ಒಬ್ಬರನ್ನ ಕಾಡಿ ಬೇಡಿ ತಂದೆ. ಮಾವ ಹೇಳ್ಬೇಡ ಅಂದಿದ್ರು. ಬೆಲ್ಟ್ ಉದ್ದ ಸರಿಯಾಯ್ತಾ?"

"ಎರಡು ಗಿಟಾರು, ನುಡಿಸೋನು ನಮ್ಮ ಪುಟ್ಟರಾಜು ಒಬ್ಬನೇ!" ಎಂದು ಮೈಕಿನಲ್ಲಿ ಸಾರಿದ ಯಜಮಾನರು, ಅವನ ಕಡೆ ತಿರುಗಿ ಹೆಮ್ಮೆಯಿಂದ ಸನ್ನೆ ಮಾಡಿದರು. "ಒತ್ತಪ್ಪಾ."

ಚಪ್ಪಾಳೆ ನಿಂತು ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಾಯಿತು. ಪುಟ್ಟರಾಜು ತಾನೇ ಆರಿಸಿ ತಂದ ಡಬ್ಬಿಯ ಮೇಲೆ ಕಾಲಿಟ್ಟ.