ಬೇಸಿಕ್ಸ್ ವೀಕ್

ಕೆಲಸದ ಸಂದರ್ಶನದಲ್ಲಿ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆಯೇ ಎನ್‌ಕ್ಯಾಪ್ಸುಲೇಷನ್ ಎಂದರೇನು ಎಂಬುದು. ಮಕ್ಕಳು ಶಾಲೆ ಸೇರುವಷ್ಟರಲ್ಲಿ ಒಂಬತ್ತು ವರ್ಷ ಮನೆಯಲ್ಲೇ ಕಳೆದಿದ್ದ ಆಕೆ, ಕುರ್ಚಿಯ ತುದಿಯಲ್ಲಿ ಕೂತು ತನಗೆ ತಿಳಿದ ಹಾಗೆ ಹೇಳಿದಳು: ಕ್ಲಾಸ್ ಅಂದರೆ ಪ್ರೋಗ್ರಾಮಿನ ಒಂದು ಭಾಗ, ಅದರ ಮಾಹಿತಿಯನ್ನು ಹೊರಗಿನವರು ನೇರವಾಗಿ ಮುಟ್ಟಬಾರದು, ಬದಲಿಸಬೇಕೆಂದರೆ ಆ ಕ್ಲಾಸನ್ನೇ ಕೇಳಬೇಕು, ಅದು ಸರಿಯೋ ತಪ್ಪೋ ನೋಡಿಕೊಂಡು ಒಪ್ಪಬೇಕು.

ಮ್ಯಾನೇಜರ್ ಮುಂದಿದ್ದ ಹಾಳೆಯ ಮೇಲೆ ಬೆರಳಾಡಿಸಿದ. ಅಲ್ಲಿದ್ದ ಉತ್ತರ ಹೀಗಿರಲಿಲ್ಲ.

"ಡೆಫಿನಿಷನ್ ಹೇಳಿ ಮೇಡಂ. ಪುಸ್ತಕದಲ್ಲಿ ಇರೋ ಹಾಗೆ."

ಆಕೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿದಳು. ಆತ ಒಂದು ಸೊನ್ನೆ ಸುತ್ತಿದ. ಮುಂದಿನ ಪ್ರಶ್ನೆ ಪಾಲಿಮಾರ್ಫಿಸಂ, ಅಂದರೆ ಒಂದೇ ಆಜ್ಞೆಯನ್ನು ಬೇರೆಬೇರೆ ವಸ್ತುಗಳು ತಂತಮ್ಮ ರೀತಿಯಲ್ಲಿ ಪಾಲಿಸುವುದು; ಅದಕ್ಕೆ ಆಕೆ ಪ್ರಿಂಟರುಗಳ ಉದಾಹರಣೆ ಕೊಟ್ಟಳು. ಹಾಳೆಯಲ್ಲಿದ್ದದ್ದು ವೃತ್ತ ಮತ್ತು ಚೌಕ, ಅದಕ್ಕೂ ಸೊನ್ನೆ.

ಪಕ್ಕದಲ್ಲಿದ್ದ ಕಿರಿಯ ಇಂಜಿನಿಯರ್‌ಗೆ ಪಾಪ ಅನ್ನಿಸಿರಬೇಕು. ಪ್ರಾಕ್ಟಿಕಲ್ ನೋಡೋಣ ಎಂದು, ತಮ್ಮದೇ ಕಂಪನಿ ಆಸ್ಪತ್ರೆಗಳಿಗೆ ಮಾರುವ ಪ್ರೋಗ್ರಾಂ ತೆರೆದು ಲ್ಯಾಪ್‌ಟಾಪನ್ನು ಆಕೆಯತ್ತ ತಿರುಗಿಸಿದ. ಓದುತ್ತಾ ಓದುತ್ತಾ ಆಕೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ರೋಗಿಯ ರಕ್ತದ ಗುಂಪನ್ನ ಬಟ್ಟಾಬಯಲಲ್ಲಿ ಇಟ್ಟಿದ್ದೀರಲ್ಲ ಸರ್. ಯಾವ ಮೂಲೆಯಿಂದ ಬೇಕಾದ್ರೂ ತಿದ್ದಬಹುದು. ಊಟದ ಪಟ್ಟಿ ಮಾಡೋ ಭಾಗ ಕೂಡ ತಿದ್ದಬಹುದು. ಇದು ಎಲ್ಲಾದ್ರೂ ಓಡ್ತಿದೆಯಾ?"

"ನಲವತ್ತು ಆಸ್ಪತ್ರೆಗಳಲ್ಲಿ," ಎಂದ ಇಂಜಿನಿಯರ್, ದನಿ ತಗ್ಗಿಸಿ.

ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಹಾಳೆಯಲ್ಲಿಲ್ಲದ ವಿಷಯಕ್ಕೆ ಅಂಕ ಕೊಡಲು ಬರುವುದಿಲ್ಲವೆಂದು ವಿನಯದಿಂದಲೇ ತಿಳಿಸಿ ಆಕೆಯನ್ನು ಕಳಿಸಿಕೊಟ್ಟ. ಸಂಜೆ ಬಂದ ಮೇಲ್‌ನಲ್ಲಿ ಕೆಲಸ ಕೊಡದಿರಲು ಕಾರಣವೆಂದು ಎರಡೇ ಪದ: ಬೇಸಿಕ್ಸ್ ವೀಕ್. ಆಕೆ ಅದನ್ನು ಗಂಡನಿಗೆ ತೋರಿಸಲಿಲ್ಲ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದಳು.

ಹತ್ತು ದಿನ ಕಳೆದ ಮೇಲೆ ಆ ಇಂಜಿನಿಯರ್ ಫೋನ್ ಮಾಡಿದ. ಒಂದು ಆಸ್ಪತ್ರೆಯಲ್ಲಿ ಹೆಂಗಸೊಬ್ಬರ ರಕ್ತದ ಗುಂಪು ಕಂಪ್ಯೂಟರಿನಲ್ಲಿ ಬದಲಾಗಿಬಿಟ್ಟಿತ್ತಂತೆ. ರಕ್ತ ಏರಿಸುವ ಮುನ್ನ ನರ್ಸ್ ಅನುಮಾನಪಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸಿದ್ದರಿಂದ ಜೀವ ಉಳಿಯಿತಂತೆ. ಎಲ್ಲಿ ಕೈ ಹಾಕಬೇಕೆಂದೇ ತಿಳಿಯುತ್ತಿಲ್ಲ ಎಂದ. ಫೋನ್ ಇಟ್ಟುಬಿಡುವಷ್ಟು ಸಿಟ್ಟು ಬಂತು ಆಕೆಗೆ. ಆದರೆ ಆ ಹೆಂಗಸು ಯಾರ ಮನೆಯವಳೋ ಏನೋ ಅನ್ನಿಸಿ, ಒಲೆ ಆರಿಸಿ ಕೂತಳು. ಮಾಹಿತಿಯನ್ನು ಒಳಗೆ ಮುಚ್ಚುವುದು, ಬದಲಿಸಲು ಒಂದೇ ದಾರಿ ಬಿಡುವುದು, ಆ ದಾರಿಯಲ್ಲಿ ತಪಾಸಣೆ ಇಡುವುದು, ಒಂದೊಂದನ್ನೂ ಬಿಡಿಸಿ ಹೇಳಿದಳು. ಆತ ಬರೆದುಕೊಂಡ.

ಮರುದಿನ ಮತ್ತೆ ಅವನದೇ ಫೋನ್. ಎಲ್ಲ ಸರಿಹೋಯಿತಂತೆ. ಆಸ್ಪತ್ರೆಯವರು ಮ್ಯಾನೇಜರನ್ನು ಬಾಯಿತುಂಬಾ ಹೊಗಳಿದರಂತೆ. ಆಮೇಲೆ ಆತ ಸ್ವಲ್ಪ ತಡವರಿಸಿದ.

"ಇನ್ನೊಂದು ವಿಷಯ ಮೇಡಂ. ರಿಪೋರ್ಟ್‌ನಲ್ಲಿ ಬರೀಬೇಕಂತೆ. ನಾವು ಈಗ ಮಾಡಿದ್ವಲ್ಲ, ಇದಕ್ಕೆ ಏನಾದ್ರೂ ಹೆಸರಿದೆಯಾ ಅಂತ ಸರ್ ಕೇಳ್ತಿದ್ದಾರೆ."