ಯಾವುದು ಹೆಚ್ಚು ಅಪರೂಪ

ಸತ್ತ ತಾಯಿಹಕ್ಕಿಯನ್ನು ತಮ್ಮ ತಂದು ಅಕ್ಕನ ಸೂಕ್ಷ್ಮದರ್ಶಕದ ಪಕ್ಕದಲ್ಲೇ ಇಟ್ಟ. ಅದರ ಕಾಲಿಗೆ ಹಸಿರು ನೈಲಾನ್ ಎಳೆ ಸುತ್ತಿಕೊಂಡಿತ್ತು.

"ನಿನ್ನ ಬಲೆ."

"ನನ್ನ ಗಿಡದ ಹತ್ತಿರ ಅದಕ್ಕೇನು ಕೆಲಸ?" ಅಕ್ಕ ತಲೆ ಎತ್ತಲಿಲ್ಲ.

"ಹೊಟ್ಟೆಪಾಡು!"

ಅವಳ ಸಂಶೋಧನೆ ಚಿಟ್ಟೆಯ ಮೇಲೆ, ಅವನದು ಹಾಡುಹಕ್ಕಿಯ ಮೇಲೆ. ಎರಡೂ ಅಳಿವಿನಂಚಿನವೇ, ಸಂಶೋಧನಾ ಕೇಂದ್ರದ ಹಿಂದಿನ ಕುರುಚಲು ಬಯಲು ಬಿಟ್ಟರೆ ಎರಡಕ್ಕೂ ಬೇರೆ ಗತಿಯಿಲ್ಲ. ಯಾವುದು ಹೆಚ್ಚು ಅಪರೂಪ ಎಂದು ಇವರು ಊಟದ ಮೇಜಿನಲ್ಲೂ ಕಿತ್ತಾಡಿ, ತಾಯಿ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋದದ್ದುಂಟು. ಅವನ ಹಕ್ಕಿ ಅವಳ ಚಿಟ್ಟೆಯ ಹುಳುಗಳನ್ನು ತಿನ್ನುತ್ತದೆ ಎಂಬುದೊಂದೇ ಇಬ್ಬರೂ ಒಪ್ಪಿದ ಸಂಗತಿ. ಅದಕ್ಕೇ ಹುಳು ಸಾಕುವ ಗಿಡಗಳಿಗೆ ಅವಳು ಹೊದಿಸಿದ ಬಲೆ.

"ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಭಾಷಣ ಬಿಗೀತಿದ್ದೆ. ಹಾಡುತ್ತೆ, ಹಾಡುತ್ತೆ ಅಂತ ತಲೆ ತಿಂತೀಯ. ನನ್ನ ಚಿಟ್ಟೆಗೆ ದನಿ ಇಲ್ಲ ಕಣೋ, ಸದ್ದಿಲ್ಲದೆ ಸಾಯುತ್ತೆ."

"ಎರಡು ವಾರ ಬದುಕೋ ರೆಕ್ಕೆಗೆ ಎಷ್ಟು ಜಂಬ!"

ಇನ್ನೊಂದು ಕೈಯಲ್ಲಿದ್ದ ರಟ್ಟಿನ ಡಬ್ಬಿಯನ್ನು ಕುಕ್ಕಲು ಹೋಗಿ, ಕೊನೆಯ ಗಳಿಗೆಯಲ್ಲಿ ಮೆಲ್ಲಗೆ ಇಟ್ಟ. ಒಳಗೆ ಮೂರು ಮರಿಗಳು. ಗರಿಯಿಲ್ಲ, ಬರೀ ಬಾಯಿ.

"ಇವಕ್ಕೆ ಈಗಲೇ ಹುಳು ಬೇಕು. ಇಲ್ಲಾಂದ್ರೆ ಸಂಜೆಯೊಳಗೆ ಮುಗೀತು."

"ಹೋಗಿ ಹುಡುಕು. ಇಡೀ ಬಯಲಿದೆ."

"ಬೆಳಗಿಂದ ಮಾಡಿದ್ದು ಅದೇ. ಪಕ್ಕದ ಹೊಲದವರು ನಿನ್ನೆ ಔಷಧಿ ಹೊಡೆದಿದಾರೆ, ಗಾಳಿ ಈ ಕಡೆಗೇ ಇತ್ತು. ಒಂದು ಇರುವೆನೂ ಇಲ್ಲ. ಗೋಡೆ ಮರೆಗಿರೋ ನಿನ್ನ ಗಿಡಗಳಷ್ಟೇ ಉಳಿದಿರೋದು."

"ಅವರನ್ನ ಕೇಳಲಿಲ್ವಾ?"

"ಕೇಳಿದೆ. 'ಹುಳು ಸಾಯಲಿ ಅಂತಾನೇ ಹೊಡೆದಿದ್ದು ಸಾರ್' ಅಂದ್ರು."

ಅಕ್ಕ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಚಿಮಟ ಎತ್ತಿಕೊಂಡು ದಡದಡನೆ ಅಂಗಳಕ್ಕೆ ನಡೆದಳು. ತಮ್ಮ ಡಬ್ಬಿ ಹಿಡಿದು ಹಿಂದೆ. ಬಲೆಯ ಗಂಟು ಬಿಚ್ಚಿ, ಚಿಮಟವನ್ನು ಅವನ ಕೈಗೆ ತುರುಕಿದಳು.

"ತಗೋ. ನೀನೇ ಆರಿಸು."

ಎಲೆಗಳ ಮೇಲೆ ಹುಳುಗಳು ಯಾರ ಗೊಡವೆಯೂ ಇಲ್ಲದೆ ಮೇಯುತ್ತಿದ್ದವು. ಡಬ್ಬಿಯಲ್ಲಿ ಮರಿಗಳು ಕಿರುಚುತ್ತಲೇ ಇದ್ದವು. ಚಿಮಟ ಒಂದು ಎಲೆಯಿಂದ ಇನ್ನೊಂದಕ್ಕೆ ಅಲೆಯಿತು, ಮತ್ತೆ ಮೊದಲಿನದಕ್ಕೇ ಬಂತು.

"ಅಕ್ಕಾ... ಇದರಲ್ಲಿ ಸ್ವಲ್ಪ ಸೊರಗಿರೋದು, ಕಾಯಿಲೆ ಬಿದ್ದಿರೋದು, ಯಾವುದು?"

"ಯಾವುದೂ ಇಲ್ಲ," ಅಂದಳು ಅಕ್ಕ. "ಎಲ್ಲಾನೂ ಚೆನ್ನಾಗೇ ಸಾಕಿದೀನಿ."