ಅಟ್ಟದ ಮೇಲಿನ ಸುತ್ತಿಗೆ

“ಇದ್ರಲ್ಲಿ ಯಾವುದಪ್ಪ ನನ್ ಪದ ಕೇಳೋದು?”

ಮರಿತಾಯಮ್ಮ ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಮದ್ದೂರು ಬಸ್‌ಸ್ಟ್ಯಾಂಡಿನ ಹಿಂದಿರುವ ಕಬ್ಬಿಣದ ಅಂಗಡಿಯಲ್ಲಿ, ನೆಲದ ಮೇಲೆ ಸಾಲಾಗಿ ಮಲಗಿದ್ದ ಹನ್ನೊಂದು ಸುತ್ತಿಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಳಿಗೆ ಕೇಳಿದಳು. ಅಂಗಡಿಯ ಸಿದ್ದರಾಜು ಕೊಡಲಿಯೊಂದಕ್ಕೆ ಕಾವು ಕೂರಿಸುತ್ತ ಮೀಸೆಯಲ್ಲೇ ನಕ್ಕ.

ಹೋಟೆಲುಗಳ ರುಬ್ಬುವ ಕಲ್ಲು ಸವೆದು ನುಣ್ಣಗಾದಾಗ ಉಳಿಯಿಟ್ಟು ಕುಟ್ಟಿ ಒರಟು ಮಾಡಿಕೊಡುವುದು ಅವಳ ಕಸುಬು. ಬೆಳಗ್ಗೆ ನಿಡಘಟ್ಟದ ಹೋಟೆಲಿನಲ್ಲಿ ಅರ್ಧ ಕಲ್ಲು ಕುಟ್ಟಿರುವಾಗಲೇ ಇಪ್ಪತ್ತು ವರ್ಷದ ಸುತ್ತಿಗೆ ಸೀಳಿಹೋಗಿತ್ತು. ಗ್ರೈಂಡರು ಅಲ್ಲಿ ಬಾಯಿ ತೆರೆದುಕೊಂಡು ಬಿದ್ದಿದೆ. ಸಂಜೆಯೊಳಗೆ ಮುಗಿಯದಿದ್ದರೆ ನಾಳೆ ತಟ್ಟೆ ಇಡ್ಲಿಗೆ ಹಿಟ್ಟಿಲ್ಲ. ಆಮೇಲೆ ಆ ಹೋಟೆಲಿನವರು ಅವಳನ್ನು ಕರೆಯುವುದೂ ಇಲ್ಲ. ಮಿಷನ್ನಿನಲ್ಲಿ ಕುಟ್ಟುವವನೊಬ್ಬ ಆಗಲೇ ಬಂದು ಫೋನ್ ನಂಬರು ಕೊಟ್ಟು ಹೋಗಿದ್ದ.

ಕುಟ್ಟುವಾಗ ಅವಳು ಅವ್ವ ಕಲಿಸಿದ ದೇವರ ಪದ ಹೇಳಿಕೊಳ್ಳುತ್ತಾಳೆ. ಒಂದೊಂದು ಮಾತಿಗೆ ಒಂದೊಂದು ಪೆಟ್ಟು. ಬಿದ್ದ ಸುತ್ತಿಗೆ ತಾನಾಗಿ ಎದ್ದು ಮುಂದಿನ ಮಾತಿಗೆ ಕಾದು ನಿಂತಿರಬೇಕು. ತಡವಾಯಿತೋ, ಕಲ್ಲಿನ ಗುಳಿಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಚದುರಿ, ಹಿಟ್ಟು ಕೆಡುತ್ತದೆ. ಅದಕ್ಕೇ ಚೀಲದಲ್ಲೊಂದು ಕಲ್ಲಿನ ಚೂರು ತಂದಿದ್ದಳು. ಸಣ್ಣ ದನಿಯಲ್ಲಿ ಪದ ಹೇಳುತ್ತ, ಒಂದೊಂದನ್ನೇ ಎತ್ತಿ ಅದರ ಮೇಲೆ ತಟ್ಟಿ ನೋಡಿದಳು. ಒಂದು ತಲೆಭಾರದಲ್ಲಿ ಮಾತು ನುಂಗಿತು. ಇನ್ನೊಂದು ಅವಸರಕ್ಕೆ ಬಿದ್ದು ದೇವರ ಹೆಸರಿಗಿಂತ ಮೊದಲೇ ಕುಣಿಯಿತು. ಸುತ್ತಿಗೆ ಕೊಳ್ಳಾಕೆ ಬಂದ್ಯೋ ಭಜನೆ ಮಾಡಾಕೆ ಬಂದ್ಯೋ ಎಂದು ಸಿದ್ದರಾಜು ಕಿಚಾಯಿಸಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹನ್ನೊಂದೂ ಮುಗಿದವು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ನಿಮ್ಮಪ್ಪ ಕುಲುಮೆಯಲ್ಲಿ ಬಡಿಸಿಟ್ಟ ಸುತ್ತಿಗೆಗಳಿದ್ದವಲ್ಲ, ನನ್ನ ಸೀಳಿಹೋದದ್ದೂ ಅದೇ ಪೆಟ್ಟಿಗೆಯದು, ಒಂದು ಇಳಿಸಿಕೊಡು ಎಂದು ಕೇಳಿದಳು. ಸಿದ್ದರಾಜು ಮಂಡಿ ಸವರಿಕೊಂಡ.

“ಏಣಿ ಅತ್ತೋರ್ ಯಾರು? ಎಲ್ಲಾ ಒಂದೇ ಕಬ್ಣ ಕಣಕ್ಕ. ಯಾವ್ದಾರ ಒಂದ ತಕ್ಕೊಂಡೋಗು.”

ಹೇಳಿ, ಕೊಡಲಿಯ ಕಾವಿಗೆ ಬೆಣೆ ಬಡಿಯತೊಡಗಿದ. ಟಕ್, ಟಕ್, ಟಕ್. ಮರಿತಾಯಮ್ಮನ ಬಾಯಲ್ಲಿ ಅರ್ಧಕ್ಕೆ ನಿಂತಿದ್ದ ಪದ ಅವಳನ್ನು ಕೇಳದೆಯೇ ಆ ಪೆಟ್ಟಿನ ಜೊತೆ ಹೊರಟಿತು. ಅವಳು ತಲೆಯೆತ್ತಿದಳು. ಅವನ ಕೈಯಲ್ಲಿದ್ದದ್ದು ಕರ್ರಗಿನ ಪುಟ್ಟ ಸುತ್ತಿಗೆ, ಅಟ್ಟದ ಪೆಟ್ಟಿಗೆಯದೇ. ಹೆಬ್ಬೆರಳು ಕೂತು ಕೂತು ಕಾವಿನಲ್ಲಿ ಹಳ್ಳ ಬಿದ್ದಿತ್ತು.

ಸಾಲಿನಲ್ಲಿ ಎಲ್ಲಕ್ಕಿಂತ ಹೊಳೆಯುವುದನ್ನು ಆರಿಸಿ ತಂದು ಅವನ ಮುಂದಿಟ್ಟಳು.

“ಎಲ್ಲಾ ಒಂದೇ ಅಂದ್ಯಲ್ಲ ಸಿದ್ದರಾಜು. ದುಡ್ಡು ನಾನೇ ಕೊಡ್ತೀನಿ, ಈ ಹೊಸದ ನೀನ್ ಮಡಿಕೊ. ನಿನ್ ಕೈಲಿರೋದ ನಂಗ್ ಕೊಡು.”

ಸಿದ್ದರಾಜುವಿನ ಕೈ ನಿಂತಿತು. ಹೊಸದನ್ನು ನೋಡಿದ, ತನ್ನದನ್ನು ನೋಡಿದ. ಎದ್ದ. ಕರಿ ಸುತ್ತಿಗೆಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡು, ಮೂಲೆಯ ಏಣಿ ಎಳೆದು ಅಟ್ಟಕ್ಕೆ ಒರಗಿಸಿದ. ನರಳುತ್ತ ಒಂದೊಂದೇ ಮೆಟ್ಟಿಲು ಹತ್ತಿದ. ಮೇಲಿನಿಂದ ಧೂಳು ಉದುರಿತು, ತಗಡಿನ ಪೆಟ್ಟಿಗೆ ಕರಕರ ಎಳೆದ ಸದ್ದಾಯಿತು. ಅದರ ಹಿಂದೆಯೇ ಅವನ ದನಿ ಇಳಿದು ಬಂತು:

“ಪೆಟ್ಟಿಗೇದು ಯಾವ್ದಾರ ತಕ್ಕೊ, ಈ ನನ್ ಸುತ್ತಿಗೆ ಮಾತ್ರ ಕೊಡಾಕಿಲ್ಲ ಕಣಕ್ಕ.”